ಹೊನ್ನಾಳಿಯ ಮಾಳಿಗೆಯಲ್ಲಿ ಎಲುಬಿನ ಪಡೆ

ನಾನು ಹಲ್ಲು ಕಟ್ಟುವವಳು. ಚನ್ನಗಿರಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಲ್ಯಾಬು. ಸುತ್ತಮುತ್ತಲಿನ ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ನಾನು ಮೇಣದಲ್ಲಿ ವಸಡು ಕಟ್ಟಿ, ಹಲ್ಲು ಜೋಡಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸ್ ಕಳಿಸುತ್ತೇನೆ. ಆ ಸೆಟ್ಟು ಯಾರ ಬಾಯಿಗೆ ಹೋಯಿತು ಎಂಬುದು ಬಹುಪಾಲು ನನಗೆ ಗೊತ್ತಾಗುವುದಿಲ್ಲ. ಸಂತೇಬೆನ್ನೂರಿನ ಸಂತೆಯಲ್ಲಿ ಯಾರಾದರೂ ವಯಸ್ಸಾದವರು ಬಾಯಿ ತುಂಬ ನಕ್ಕರೆ, ಇದು ನನ್ನ ಕೈಯದೇ ಇರಬಹುದೇ ಎಂದು ಒಂದು ಗಳಿಗೆ ನೋಡುತ್ತೇನೆ, ಅಷ್ಟೆ.

ಹಲ್ಲಿಗೆ ಸಣ್ಣ ಸಣ್ಣ ಕಲೆ ಹಾಕುವುದು ಈ ಕೆಲಸದ ಕಷ್ಟದ ಭಾಗ. ಹಲ್ಲು ತೀರಾ ಬೆಳ್ಳಗಿದ್ದರೆ ಸುಳ್ಳು ಎಂದು ಎದುರಿನವರಿಗೆ ಗೊತ್ತಾಗಿಬಿಡುತ್ತದೆ. ಎಲೆ ಅಡಿಕೆ ಹಾಕುವವರ ಬಾಯಿಗೆ ಮುತ್ತಿನಂಥ ಹಲ್ಲು ಒಪ್ಪುವುದಿಲ್ಲ. ಕೂದಲಿನಂಥ ಬ್ರಷ್ಷಿನಿಂದ ಆ ಕಲೆ ಹಾಕುವುದನ್ನು ಇನ್ನೂ ಚೆನ್ನಾಗಿ ಕಲಿಯೋಣ ಎಂದು ಒಂದು ಮಧ್ಯಾಹ್ನ ಫೋನಿನಲ್ಲಿ ವಿಡಿಯೋ ನೋಡುತ್ತಿದ್ದೆ. ಒಂದು ಮುಗಿದ ಮೇಲೆ ಇನ್ನೊಂದು ತಾನೇ ಶುರುವಾಯಿತು. ಅದರಲ್ಲಿ ಯಾರೋ ಒಬ್ಬರು ಹೆಬ್ಬೆರಳಿನಷ್ಟು ಎತ್ತರದ ಅಸ್ಥಿಪಂಜರಕ್ಕೆ ಹಲ್ಲು ಬರೆಯುತ್ತಿದ್ದರು. ಅದರ ಕೈಯಲ್ಲಿ ಈಟಿ, ತಲೆಯ ಮೇಲೆ ಮುರಿದ ಶಿರಸ್ತ್ರಾಣ. ಒಲೆಯ ಮೇಲಿದ್ದ ಹಾಲು ಉಕ್ಕಿ ಹೋದರೂ ಎದ್ದು ಹೋಗದೆ ಕೊನೆಯವರೆಗೂ ನೋಡಿದೆ.

ಅದು ಒಂದು ಯುದ್ಧದಾಟದ ಗೊಂಬೆ ಎಂದು ಆಮೇಲೆ ತಿಳಿಯಿತು. ಆಟ ಹೀಗೆ: ಒಂದು ದೊಡ್ಡ ಮೇಜು, ಅದರ ಮೇಲೆ ಗುಡ್ಡ, ಕಾಡು, ಪಾಳುಗೋಡೆ. ಎರಡು ಬದಿಗೆ ಎರಡು ಸೈನ್ಯ. ಮನುಷ್ಯರು, ಕುಬ್ಜರು, ದೈತ್ಯರು, ಸತ್ತು ಎದ್ದವರು, ಯಾರ ಸೈನ್ಯ ಬೇಕಾದರೂ ಕಟ್ಟಬಹುದು. ಟೇಪು ಹಿಡಿದು ಇಂಚು ಅಳೆದು ನಡೆಸಬೇಕು, ದಾಳ ಉರುಳಿಸಿ ಹೊಡೆದಾಡಬೇಕು. ಮೇಜಿನ ಮೇಲೆ ಐದು ಜಾಗಕ್ಕೆ ಗುರುತು ಹಾಕಿರುತ್ತಾರೆ. ಆಟ ಮುಗಿಯುವಾಗ ಅವುಗಳಲ್ಲಿ ಹೆಚ್ಚಿನವು ಯಾರ ವಶದಲ್ಲಿವೆಯೋ ಅವರು ಗೆದ್ದಂತೆ. ಸೈನಿಕರೆಲ್ಲ ಬೂದು ಪ್ಲಾಸ್ಟಿಕ್ಕಿನ ತುಂಡುಗಳಾಗಿ ಪೆಟ್ಟಿಗೆಯಲ್ಲಿ ಬರುತ್ತಾರೆ. ಕತ್ತರಿಸಿ, ಅಂಟಿಸಿ, ಬಣ್ಣ ಬಳಿದು ಅವರನ್ನು ಎಬ್ಬಿಸಿ ನಿಲ್ಲಿಸುವುದು ನಮ್ಮ ಕೆಲಸ. ಆ ಕೆಲಸಕ್ಕೇ ತಿಂಗಳುಗಟ್ಟಲೆ ಬೇಕು.

ನಾನು ಯಾವ ಯೋಚನೆಯನ್ನೂ ಮಾಡದೆ ಅಸ್ಥಿಪಂಜರಗಳನ್ನೇ ತರಿಸಿದೆ. ಅತ್ತೆ ಪೆಟ್ಟಿಗೆಯೊಳಗೆ ಇಣುಕಿ ನೋಡಿದರು.

"ಅಲ್ಲವ್ವಾ, ದುಡ್ಡು ಕೊಟ್ಟು ಮನೆಗೆ ಎಲುಬು ತರಿಸೀಯಲ್ಲ, ಬ್ಯಾರೆ ಗೊಂಬೆ ಸಿಗಲಿಲ್ವಾ?"

"ಇವುಕ್ಕೆ ಹಲ್ಲು ಚೆನ್ನಾಗಿ ಕಾಣ್ತಾವೆ ಅತ್ತೆ."

"ಹಲ್ಲು ನೋಡಿ ಸೈನಿಕರನ್ನ ಆರಿಸ್ಕೊಂಡೋಳು ನೀನೊಬ್ಳೇ ಇರಬೇಕು," ಎಂದು ಅವರು ನಾನೇ ಕಟ್ಟಿಕೊಟ್ಟ ಸೆಟ್ಟಿನಲ್ಲಿ ನಕ್ಕರು.

ಸೈನ್ಯ ಸಿದ್ಧವಾಯಿತು. ಎದುರಾಳಿ ಬೇಕಲ್ಲ. ಚನ್ನಗಿರಿಯಲ್ಲಿ ಈ ಆಟ ಆಡುವವರು ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ವಾಟ್ಸಾಪಿನ ಒಂದು ಗುಂಪಿನಲ್ಲಿ ಕೇಳಿದಾಗ ಸಿಕ್ಕವರು ಮೂವರು. ಅವರೂ ನನ್ನಂತೆಯೇ, ತಮ್ಮ ತಮ್ಮ ಊರಿಗೆ ಒಬ್ಬೊಬ್ಬರೇ. ಹೊನ್ನಾಳಿಯಲ್ಲಿ ಮೆಡಿಕಲ್ ಶಾಪ್ ಇಟ್ಟಿರುವ ಒಬ್ಬರು. ಅವರನ್ನು ನಾವೆಲ್ಲ ಅಣ್ಣ ಎನ್ನುತ್ತೇವೆ. ನ್ಯಾಮತಿಯ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ. ಆಟದ ನಿಯಮವೆಲ್ಲ ಅವಳ ಬಾಯಲ್ಲಿ. ಇನ್ನೊಬ್ಬರು ಜಗಳೂರಿನ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ನಾಲ್ಕೂ ಊರಿಗೆ ಸರಿದೂಗುವ ಜಾಗ ಯಾವುದೂ ಇಲ್ಲ. ಅಣ್ಣನ ಅಂಗಡಿಯ ಮಾಳಿಗೆಯಲ್ಲಿ ಔಷಧಿಯ ರಟ್ಟಿನ ಡಬ್ಬಗಳ ನಡುವೆ ಪ್ಲೈವುಡ್ಡಿನ ದೊಡ್ಡ ಮೇಜು ಹಾಕುವಷ್ಟು ಜಾಗವಿತ್ತು. ತಿಂಗಳಿಗೊಂದು ಭಾನುವಾರ, ಕೆಲವು ಸಲ ಎರಡು, ಅಲ್ಲಿ ಸೇರುವುದೆಂದಾಯಿತು. ಜಗಳೂರಿನಿಂದ ಬರುವುದೆಂದರೆ ನಸುಕಿಗೇ ಹೊರಟು, ಬಸ್ಸು ಬದಲಿಸಿ ಬದಲಿಸಿ ಮೂರು ಗಂಟೆಗೂ ಮೀರಿದ ದಾರಿ. ಆದರೂ ನಾನು ಮೆಟ್ಟಿಲು ಹತ್ತುವ ಹೊತ್ತಿಗೆ ಮೇಷ್ಟ್ರು ಬಂದು ಮೇಜಿನ ಮೇಲಿನ ಧೂಳು ಒರೆಸುತ್ತಿರುತ್ತಿದ್ದರು.

ಅಣ್ಣ ಗುಡ್ಡಗಳನ್ನು ಥರ್ಮಾಕೋಲಿನಲ್ಲಿ ಮಾಡಿದ್ದರು. ನಾನು ಅಡಿಕೆ ಹಾಳೆ ಕತ್ತರಿಸಿ ಪಾಳುಗೋಡೆ ಮಾಡಿಕೊಂಡು ಹೋಗಿದ್ದೆ. ನನ್ನ ಸೈನ್ಯವನ್ನು ಡಬ್ಬದಿಂದ ತೆಗೆದು ಸಾಲಾಗಿ ನಿಲ್ಲಿಸಿದಾಗ ಮೂವರೂ ಬಗ್ಗಿ ನೋಡಿದರು. ಎಲುಬಿನ ಸಂದಿನಲ್ಲಿ ಕಂದು, ತುದಿಯಲ್ಲಿ ದಂತದ ಬಣ್ಣ, ಒಂದೊಂದು ಬಾಯಿಯಲ್ಲೂ ಬೇರೆ ಬೇರೆ ಹಲ್ಲು. ಒಬ್ಬನಿಗೆ ಮುಂದಿನ ಹಲ್ಲು ಮುರಿದಿತ್ತು, ಒಬ್ಬನಿಗೆ ಎಲೆ ಅಡಿಕೆಯ ಕಲೆ. ಎಲ್ಲರ ಹಿಂದೆ ಸತ್ತ ರಾಜನನ್ನು ಹೊತ್ತ ಎಲುಬಿನ ಆನೆ. ಬ್ಯಾಂಕಿನ ಹುಡುಗಿ ಫೋಟೋ ತೆಗೆದೇ ತೆಗೆದಳು. "ಅಕ್ಕಾ, ಇವುನ್ನ ಮುಟ್ಟಾಕೆ ಹೆದರಿಕೆ ಆಗ್ತೈತೆ," ಎಂದಳು.

ಮೇಷ್ಟ್ರ ಸೈನ್ಯ ಕಾಡುದೈತ್ಯರದು. ದಪ್ಪ ಕುತ್ತಿಗೆ, ಹೊರಚಾಚಿದ ಕೋರೆಹಲ್ಲು, ಭುಜದ ಮೇಲೆ ಹೊದಿಕೆ. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಅವರ ಮೈ ಹಸಿರು, ಹೊದಿಕೆ ಕೆಂಪು. ಮೇಷ್ಟ್ರು ನಿಲ್ಲಿಸಿದವರಿಗೆ ಬಣ್ಣವೇ ಇರಲಿಲ್ಲ. ಪೆಟ್ಟಿಗೆಯಿಂದ ಬಂದ ಹಾಗೇ, ಸಿಮೆಂಟಿನ ಬೂದು. ಆ ಬೂದು ಸೈನ್ಯ ಸಂಜೆಯೊಳಗೆ ನನ್ನ ಚೆಂದದ ಸೈನ್ಯವನ್ನು ಮೇಜಿನಿಂದ ಪೂರ್ತಿ ಎತ್ತಿಸಿತು. ಸತ್ತವರನ್ನು ಒಬ್ಬೊಬ್ಬರನ್ನಾಗಿ ಡಬ್ಬಕ್ಕೆ ಹಾಕುತ್ತಾ, ಮೊದಲ ಸಲವಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ.

ಎರಡನೆಯ ಸಲವೂ ಸೋತೆ, ಮೂರನೆಯ ಸಲವೂ. ಅಣ್ಣನ ಎದುರು ಸೋತೆ, ಬ್ಯಾಂಕಿನ ಹುಡುಗಿಯ ಎದುರು ಸೋತೆ. ಮೇಷ್ಟ್ರ ಎದುರಂತೂ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಸೋಲುತ್ತಿದ್ದೆ. ಒಂದು ಭಾನುವಾರ ಅಣ್ಣ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ತಂಗಿ, ನಿನ್ನ ಸೈನ್ಯ ಗಾಜಿನ ಬೀರುದಾಗೆ ಇಡಾಕೆ ಬಾಳ ಚೆಂದ ನೋಡು. ಅದುನ್ನ ಆಟಕ್ಕೆ ತಂದು ಯಾಕೆ ಹಾಳು ಮಾಡ್ತಿ?"

ಹುಡುಗಿಯೂ ಸಲಹೆ ಕೊಟ್ಟಳು. "ಅಸ್ಥಿಪಂಜರ ಬಾಳ ಬಡವು ಅಕ್ಕಾ. ಕುದುರೆ ಸವಾರರ ಪೆಟ್ಟಿಗೆ ಒಂದು ತರಿಸ್ರಿ. ಅವರಿದ್ರೆ ಅರ್ಧ ಆಟ ಗೆದ್ದಂಗೆ."

ಬಸ್ಸಿನಲ್ಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಬಸವಾಪಟ್ಟಣ ದಾಟುವವರೆಗೂ ಅಣ್ಣನ ಮಾತು ಮನಸ್ಸಿನಿಂದ ಹೋಗಲಿಲ್ಲ. ನಾನು ಕಟ್ಟಿದ ಯಾವ ಹಲ್ಲೂ ಬೀರುವಿನಲ್ಲಿ ಇಡಲಿಕ್ಕೆ ಕಟ್ಟಿದ್ದಲ್ಲ. ರೊಟ್ಟಿ ಕಡಿಯಲಾಗದ ಸೆಟ್ಟನ್ನು ವೈದ್ಯರು ನನಗೆ ವಾಪಸ್ ಕಳಿಸುತ್ತಾರೆ, ನಾನು ಮತ್ತೆ ಕೂತು ಸರಿ ಮಾಡುತ್ತೇನೆ. ಹಾಗಾದರೆ ಈ ಸೈನ್ಯವೂ ಕೆಲಸಕ್ಕೆ ಬರಬೇಕು. ಕುದುರೆ ಸವಾರರು ಬೇಡ. ಒಬ್ಬನನ್ನೂ ಬದಲಿಸದೆ, ಇದೇ ಎಲುಬಿನ ಪಡೆಯಿಂದ ಮೇಷ್ಟ್ರನ್ನು ಸೋಲಿಸುತ್ತೇನೆ ಎಂದು ಆ ಬಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ.

ಮನೆಗೆ ಬಂದಾಗ ಯಜಮಾನರು ಕೇಳಿದರು, "ಇವತ್ತೂ ಸೋತು ಬಂದ್ಯಾ?"

"ಹ್ಞೂಂ."

"ಸೋಲಾಕೆ ಅಂತ ಅಷ್ಟು ದೂರ ಹೋಗ್ತಿಯಲ್ಲ. ಏನೈತೆ ಅದ್ರಾಗೆ?"

ಅವರು ಹಂಗಿಸಲು ಕೇಳಿದ್ದಲ್ಲ. ನಿಜಕ್ಕೂ ತಿಳಿಯಬೇಕೆಂದು ಕೇಳಿದ್ದರು. ಅದಕ್ಕೇ ನಾನೂ ಯೋಚಿಸಿ ಹೇಳಿದೆ. ಲ್ಯಾಬಿನಲ್ಲಿ ಮಾಡಿದ್ದೆಲ್ಲ ಡಬ್ಬದಲ್ಲಿ ಹೋಗಿಬಿಡುತ್ತದೆ, ಮುಂದಿನದು ಕಾಣುವುದಿಲ್ಲ. ಇಲ್ಲಿ ನಾನು ಮಾಡಿದ್ದನ್ನು ನಾನೇ ಕೈಯಲ್ಲಿ ಹಿಡಿದು ನಡೆಸುತ್ತೇನೆ. ಅದು ನಡೆಯುತ್ತದೆ, ಹೆದರುತ್ತದೆ, ನಿಲ್ಲುತ್ತದೆ, ಬೀಳುತ್ತದೆ. ಎದುರಿಗೊಬ್ಬರು ಕೂತು ಅದನ್ನು ಕಣ್ಣಿಟ್ಟು ನೋಡುತ್ತಾರೆ. ನಾಲ್ಕು ಜನ ದೊಡ್ಡವರು ಇಡೀ ದಿನ ಫೋನು ಮುಟ್ಟದೆ ಒಂದು ಮೇಜಿನ ಸುತ್ತ ತಲೆ ಬಗ್ಗಿಸಿ ನಿಂತಿರುತ್ತೇವೆ. ಆ ಪಾಳುಗೋಡೆಯ ಹಿಂದೆ ಯಾರಿದ್ದಾರೆ ಎಂಬುದಕ್ಕಿಂತ ಮುಖ್ಯವಾದದ್ದು ಆಗ ಯಾವುದೂ ಇರುವುದಿಲ್ಲ. ಇಷ್ಟನ್ನು ಹೇಳಿ ಮುಗಿಸುವಾಗ ನನಗೇ ಸ್ವಲ್ಪ ನಾಚಿಕೆಯಾಯಿತು. ಅವರು ತಟ್ಟೆಗೆ ಅನ್ನ ಬಡಿಸುತ್ತಾ, "ಹಂಗಾದ್ರೆ ಗೆಲ್ಲಾಕೂ ಒಂದಿಷ್ಟು ಕಲಿ," ಎಂದರು.

ಕಲಿಯುವುದೆಂದರೆ ಮೇಷ್ಟ್ರ ಹತ್ತಿರವೇ ಕಲಿಯಬೇಕು. ಕೇಳುವುದು ಹೇಗೆ ಎಂದು ನೋಡುತ್ತಿದ್ದೆ. ಮುಂದಿನ ಸಲ ಬ್ಯಾಂಕಿನ ಹುಡುಗಿ ಮದುವೆಯೊಂದಕ್ಕೆ ಹೋಗಿದ್ದಳು, ಅಣ್ಣ ಕೆಳಗೆ ಅಂಗಡಿಯಲ್ಲೇ ಸಿಕ್ಕಿಹಾಕಿಕೊಂಡಿದ್ದರು. ಮೇಷ್ಟ್ರೂ ನಾನೂ ಇಬ್ಬರೇ ಮೇಜು ಜೋಡಿಸುತ್ತಿದ್ದೆವು. ನಾನೇ ಮಾತು ತೆಗೆದೆ.

"ಮೇಷ್ಟ್ರೇ, ನನಗೆ ಆಟ ಹೇಳಿಕೊಡ್ರಿ. ಬದಲಿಗೆ ನಿಮ್ಮ ದೈತ್ಯರಿಗೆಲ್ಲ ನಾನು ಬಣ್ಣ ಬಳಿದು ಕೊಡ್ತೀನಿ."

ಅವರು ಒಬ್ಬ ದೈತ್ಯನನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು.

"ಆಟ ಹೇಳಿಕೊಡಾಕೆ ಏನೂ ಕೊಡಬೇಕಾಗಿಲ್ಲ ರೀ ಮೇಡಂ. ಬಣ್ಣ ಮಾತ್ರ ಬ್ಯಾಡ."

"ಯಾಕ್ರೀ? ನಿಮಗೆ ಬೂದು ಇಷ್ಟಾನಾ?"

"ಇಷ್ಟ ಅಂತಲ್ಲ." ದೈತ್ಯನನ್ನು ಮೇಜಿನ ಮೇಲಿಟ್ಟು ಹೇಳಿದರು, "ನನಗೆ ಹಸಿರು ಕೆಂಪು ಗೊತ್ತಾಗಲ್ಲ. ಎರಡೂ ಒಂದೇ ಥರ ಕಾಣ್ತಾವೆ, ಹುಟ್ಟಿದಾಗಿಂದ."

ಅವರು ಬಸ್ಸು ತಡವಾದ ವಿಷಯ ಹೇಳುವವರಂತೆ ಹೇಳುತ್ತಾ ಹೋದರು. ಹರೆಯದಲ್ಲಿ ಮಿಲಿಟರಿ ಸೇರಲು ಹೋಗಿದ್ದರಂತೆ. ಓಟದಲ್ಲಿ ಎಲ್ಲರಿಗಿಂತ ಮುಂದೆ, ಎದೆ ಎತ್ತರ ಎಲ್ಲ ಸರಿ. ಕೊನೆಗೆ ಬಣ್ಣಬಣ್ಣದ ಚುಕ್ಕಿಗಳ ಪುಸ್ತಕ ತೆರೆದು, ಇದರಲ್ಲಿರುವ ಅಂಕಿ ಓದು ಎಂದರಂತೆ. ಇವರಿಗೆ ಕಂಡದ್ದು ಬರೀ ಚುಕ್ಕಿ. ಅಲ್ಲಿಂದ ವಾಪಸ್ ಬಂದು ಪಿ.ಟಿ. ಟ್ರೈನಿಂಗ್ ಮಾಡಿದರು. ಶಾಲೆಯಲ್ಲಿ ಕ್ರೀಡಾಕೂಟಕ್ಕೆ ಕೆಂಪು ತಂಡ, ಹಸಿರು ತಂಡ ಎಂದು ಮಾಡುತ್ತಾರೆ; ಇವರು ರಿಬ್ಬನ್ನು ನೋಡದೆ ಮಕ್ಕಳ ಮುಖ ನೋಡಿಯೇ ತಂಡ ಹೇಳುತ್ತಾರೆ.

"ಅದಕ್ಕೆ ನಾನು ಬಳಿದು ಕೊಡ್ತೀನಿ ಅಂದಿದ್ದು," ಎಂದೆ.

"ಅದು ನಿಮ್ಮ ಸೈನ್ಯ ಆಗ್ತೈತೆ ಮೇಡಂ. ನಾನು ಬಾಡಿಗೆಗೆ ತಗಂಡಂಗೆ. ಆಗಲ್ಲ ಅಂತ ಬಿಟ್ಟಿದ್ದೀನಿ, ಇರ್ಲಿ ಬಿಡ್ರಿ."

ಆಗ ನನಗೆ ಲ್ಯಾಬಿನ ನೆನಪು ಬಂತು. ಹಲ್ಲಿನ ಬಣ್ಣ ಹೊಂದಿಸುವಾಗ ನಾವು ಮೊದಲು ನೋಡುವುದು ಬಣ್ಣವನ್ನಲ್ಲ, ತಿಳಿಯೋ ಗಾಢವೋ ಎಂಬುದನ್ನು. ಕಣ್ಣು ಅರ್ಧ ಮುಚ್ಚಿ ನೋಡಿದರೆ ಬಣ್ಣ ಹಿಂದೆ ಸರಿದು ಬೆಳಕು ನೆರಳು ಮುಂದೆ ಬರುತ್ತದೆ. ಅದೊಂದು ಸರಿಯಾದರೆ ಹಳದಿ ಒಂದು ಎಳೆ ಹೆಚ್ಚು ಕಡಿಮೆಯಾದರೂ ಬಾಯಿಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಇದನ್ನೇ ಮೇಷ್ಟ್ರಿಗೆ ಹೇಳಿದೆ. ನನ್ನ ಈಟಿಯವರಲ್ಲಿ ಐದಾರು ಜನರನ್ನು ಮುಂದಿಟ್ಟು, "ತಿಳಿಯಿಂದ ಗಾಢಕ್ಕೆ ಸಾಲಾಗಿ ನಿಲ್ಲಿಸ್ರಿ ನೋಡಾಣ," ಎಂದೆ. ಅವರು ತಡವರಿಸದೆ ನಿಲ್ಲಿಸಿದರು. ಒಂದೂ ತಪ್ಪಿರಲಿಲ್ಲ.

"ನೆರಳು ಬೆಳಕು ಗೊತ್ತಾಗ್ತೈತಲ್ಲ. ಉಳಿದಿದ್ದಕ್ಕೆ ಬಣ್ಣದ ಬಾಟ್ಲಿ ಮುಚ್ಚಳದ ಮೇಲೆ ಹೆಸರು ಬರೆದು ಅಂಟಿಸಿದ್ರೆ ಆಯ್ತು. ಬಳಿಯೋರು ನೀವೇ. ನಾನು ಬ್ರಷ್ ಮುಟ್ಟಲ್ಲ."

ಮೇಷ್ಟ್ರು ಆ ಸಾಲನ್ನು ಬಹಳ ಹೊತ್ತು ನೋಡಿದರು. "ಬ್ಯಾಸಿಗೆ ರಜೆ ಮುಗಿಯೋದ್ರೊಳಗೆ ಮುಗಿಸ್ತೀನಿ," ಎಂದರು. ಪ್ರಯತ್ನ ಮಾಡುತ್ತೇನೆ ಎನ್ನಲಿಲ್ಲ, ಮುಗಿಸುತ್ತೇನೆ ಎಂದರು.

ಆಮೇಲೆ ಫೋನಿಗೆ ಫೋಟೋ ಬರಲು ಶುರುವಾಯಿತು. ಮೊದಲನೆಯ ದೈತ್ಯನಿಗೆ ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿದಿದ್ದರು, ಕೋರೆಹಲ್ಲು ಯಾವುದು ತುಟಿ ಯಾವುದು ತಿಳಿಯುತ್ತಿರಲಿಲ್ಲ. 'ಇನ್ನೂ ತೆಳು ಮಾಡ್ರಿ' ಎಂದು ಬರೆದೆ. ಅವರು ಬಣ್ಣವನ್ನೆಲ್ಲ ತೊಳೆದು ಮತ್ತೆ ಬಳಿದರು. 'ಇನ್ನೂ ತೆಳು.' ಮತ್ತೆ ತೊಳೆದರು. ಹೊಗಳಿಸಿಕೊಳ್ಳಲು ಒಂದು ಸಲವೂ ಕೇಳಲಿಲ್ಲ. ಎಲ್ಲಿ ತಪ್ಪಾಗಿದೆ ಎಂದಷ್ಟೇ ಕೇಳುತ್ತಿದ್ದರು.

ಆ ಬೇಸಿಗೆಯಲ್ಲಿ ಯಜಮಾನರ ಕಡೆಯವರ ಗೃಹಪ್ರವೇಶಕ್ಕೆ ಜಗಳೂರಿಗೆ ಹೋಗುವುದಿತ್ತು. ಊಟ ಮುಗಿಸಿ, ಮೇಷ್ಟ್ರ ಶಾಲೆಯ ಮೈದಾನಕ್ಕೆ ಇಬ್ಬರೂ ಹೋದೆವು. ರಜೆಯಿದ್ದರೂ ಹುಡುಗಿಯರ ಕಬಡ್ಡಿ ತಂಡಕ್ಕೆ ಅಭ್ಯಾಸ ನಡೆದಿತ್ತು. ಬಿಸಿಲು ಇಳಿದಿರಲಿಲ್ಲ. ಮೇಷ್ಟ್ರು ಸೀಟಿ ಹಿಡಿದು ಗೆರೆಯ ಪಕ್ಕ ನಿಂತಿದ್ದರು. ನಮ್ಮನ್ನು ಕಂಡು ಬೇವಿನ ಮರದ ಕೆಳಗೆ ಎರಡು ಕುರ್ಚಿ ಹಾಕಿಸಿದರು.

ಒಬ್ಬಳು ಎತ್ತರದ ಹುಡುಗಿ ಎದುರು ಅಂಗಳಕ್ಕೆ ನುಗ್ಗಿದಳು. ಅತ್ತಲಿನವರೆಲ್ಲ ಅವಳ ಕಡೆಗೇ ಸರಿದರು. ಅವಳು ಯಾರನ್ನೂ ಮುಟ್ಟಲಿಲ್ಲ, ಹಿಂದಿನ ಬೋನಸ್ ಗೆರೆಯನ್ನು ಕಾಲಿನಿಂದ ದಾಟಿ ಬರಲು ತಿರುಗುವಾಗ ಸಿಕ್ಕಿಬಿದ್ದಳು. ನಾನು ಅಯ್ಯೋ ಎಂದೆ. ಮೇಷ್ಟ್ರು ಚಪ್ಪಾಳೆ ತಟ್ಟುತ್ತಿದ್ದರು.

"ಔಟಾದಳಲ್ರೀ?"

"ಔಟಾದಳು. ಆದರೆ ಬೋನಸ್ ಪಾಯಿಂಟ್ ತಗಂಡೇ ಔಟಾದಳು. ಅವರು ಆರೂ ಜನ ಅವಳ ಮ್ಯಾಲೆ ಬಿದ್ದು ಸುಸ್ತಾದ್ರು ನೋಡ್ರಿ, ಅವರ ಸರದಿ ಮುಗಿದ ಮ್ಯಾಲೆ ಈ ಕಡೆಯೋಳು ಇನ್ನೊಬ್ಳು ಹೋಗ್ತಾಳೆ." ಆಮೇಲೆ ನನ್ನ ಕಡೆ ತಿರುಗಿದರು. "ಮೇಡಂ, ನಿಮ್ಮ ಆಟ ನಾನು ನೋಡಿದ್ದೀನಿ. ನಿಮ್ಮ ಹತ್ರ ಆ ಎಲುಬಿನ ಆನೆ ಐತಲ್ಲ, ಅದರ ಮ್ಯಾಲೆ ಸತ್ತ ರಾಜ ಕೂತಿರ್ತಾನಲ್ಲ..."

ಆ ಆನೆಗೆ ನಾನು ಒಂದು ಮಳೆಗಾಲವನ್ನೇ ಕೊಟ್ಟಿದ್ದೆ. ಅದರ ದಂತದ ಬಿರುಕುಗಳನ್ನೆಲ್ಲ ಒಂದೊಂದಾಗಿ ಬರೆದಿದ್ದೆ.

"ಅದುನ್ನ ಒಂದು ಸಲನೂ ಮುಂದೆ ಕಳಿಸಿಲ್ಲ ನೀವು. ಗುಡ್ಡದ ಹಿಂದೆ ಬಚ್ಚಿಡ್ತೀರಿ. ಚೆಂದದ್ದು ಸಾಯಬಾರ್ದು ಅಂತ ನಿಮ್ಮ ಮನಸ್ಸಿನಾಗೆ ಐತೆ. ಒಳ್ಳೆ ರೈಡರ್‌ನ ಬೆಂಚಿನ ಮ್ಯಾಲೆ ಕೂರಿಸಿ ಮ್ಯಾಚ್ ಆಡಿದಂಗಾತು ಅದು. ನೀವು ಗೆಲ್ಲೋದೆಂಗೆ?"

ಯಜಮಾನರು ನನ್ನ ಮುಖ ನೋಡಿದರು. ಮೇಷ್ಟ್ರು ಹೇಳಿದ್ದು ನಿಜ. ಮುಂದಿನ ಸಾಲಿಗೆ ಯಾವಾಗಲೂ ನಾನು ಮೊದಮೊದಲು ಬಳಿದ, ಕೈ ಪಳಗುವ ಮುಂಚಿನ ಗೊಂಬೆಗಳನ್ನೇ ಕಳಿಸುತ್ತಿದ್ದೆ. ಚೆನ್ನಾಗಿ ಬಂದವರು ಹಿಂದೆ ಇರುತ್ತಿದ್ದರು. ಅದನ್ನು ನಾನು ಬೇಕೆಂದು ಮಾಡಿದ್ದಲ್ಲ. ಕೈ ತಾನಾಗಿಯೇ ಹಾಗೆ ಮಾಡುತ್ತಿತ್ತು.

ಅಭ್ಯಾಸ ಮುಗಿದು ಹುಡುಗಿಯರು ಹೋದ ಮೇಲೆ ಶಾಲೆಯ ಜಗಲಿಯಲ್ಲಿ ಮೇಷ್ಟ್ರು ತಮ್ಮ ದೈತ್ಯರನ್ನು ತೆಗೆದು ಇಟ್ಟರು. ಬಣ್ಣದ ಬಾಟಲಿಗಳ ಮುಚ್ಚಳಕ್ಕೆಲ್ಲ ದುಂಡು ಅಕ್ಷರದಲ್ಲಿ ಚೀಟಿ. ಐದು ಜನರ ಬಣ್ಣ ಮುಗಿದಿತ್ತು. ನೆರಳು ಇರಬೇಕಾದಲ್ಲಿ ನೆರಳಿತ್ತು, ಮೂಗಿನ ಮೇಲೆ, ಗೆಣ್ಣುಗಳ ಮೇಲೆ ಬೆಳಕಿತ್ತು. ನನಗೆ ಹಿಡಿಸಿತು. ಆದರೆ ಇಬ್ಬರ ಮೈ ಕೆಂಗಂದು, ಹಂಚಿನ ಬಣ್ಣ. ಎರಡು ಬಾಟಲಿ ಬೆರೆಸುವಾಗ ಎಲ್ಲೋ ಹೆಚ್ಚು ಕಡಿಮೆಯಾಗಿತ್ತು.

"ಸರಿ ಐತಾ?" ಎಂದು ಕೇಳಿದರು.

ಸರಿಯಿದೆ ಎಂದುಬಿಡಬಹುದಿತ್ತು. ಅವರಿಗೆ ಎಂದಿಗೂ ತಿಳಿಯುತ್ತಿರಲಿಲ್ಲ. ಆದರೆ ಎಲ್ಲಿ ತಪ್ಪಾಗಿದೆ ಎಂದು ಇಷ್ಟು ದಿನ ಕೇಳುತ್ತಾ ಬಂದವರಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಮೂವರು ಹಸಿರಾಗಿದ್ದಾರೆ ಮೇಷ್ಟ್ರೇ. ಈ ಇಬ್ಬರು ಕೆಂಪಗೆ, ಹಂಚಿನಂಗೆ ಆಗಿದ್ದಾರೆ. ನೆರಳು ಬೆಳಕು ಮಾತ್ರ ಐವರದೂ ಚೆನ್ನಾಗಿ ಬಂದೈತೆ."

ಅವರು ಆ ಇಬ್ಬರನ್ನು ಎತ್ತಿ, ಮೂವರ ಪಕ್ಕ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು. ವ್ಯತ್ಯಾಸ ಕಾಣಲಿಲ್ಲ ಎಂಬುದು ಅವರ ಮುಖದಲ್ಲೇ ತಿಳಿಯಿತು. ತೊಳೆಯುತ್ತಾರೆ ಎಂದುಕೊಂಡೆ.

"ಹಂಗಾದ್ರೆ ಇವರಿಬ್ರು ಬ್ಯಾರೆ ಊರಿನೋರು ಅನ್ರಿ," ಎಂದು ಇಬ್ಬರನ್ನೂ ಸಾಲಿಗೇ ಸೇರಿಸಿದರು. "ಅಲ್ಲಿಂದ ಇನ್ನೂ ನಾಲ್ಕು ಜನ ಬರಲಿ. ಆ ಬಣ್ಣ ಹೆಂಗೆ ಬಂತು ಅಂತ ಮಾತ್ರ ಕಂಡುಹಿಡೀಬೇಕು." ಯಜಮಾನರು ಜೋರಾಗಿ ನಕ್ಕರು. ಮೇಷ್ಟ್ರೂ ನಕ್ಕರು.

ನಾನು ಮನೆಯಲ್ಲಿ ಅಭ್ಯಾಸ ಶುರು ಮಾಡಿದೆ. ಹಲ್ಲಿನ ಸೆಟ್ಟು ಬೇಯುವ ಹೊತ್ತಿನಲ್ಲಿ ನೆಲದ ಮೇಲೆ ಚಾಪೆ ಹಾಸಿ, ಡಬ್ಬಿಗಳನ್ನು ಗುಡ್ಡ ಮಾಡಿ, ಎರಡೂ ಕಡೆಯ ಆಟ ನಾನೇ ಆಡುತ್ತಿದ್ದೆ. ಪ್ರತಿ ಸಲವೂ ಆನೆ ಮುಂದೆ ಹೋಗಲೇಬೇಕು ಎಂದು ನಿಯಮ ಮಾಡಿಕೊಂಡೆ. ಚಾಪೆಯ ಮೇಲೆ ಅದು ಎಷ್ಟೋ ಸಲ ಸತ್ತಿತು. ಸಾಯುತ್ತಾ ಸಾಯುತ್ತಾ ನನ್ನ ಭಯವೂ ಸವೆಯಿತು. ಸತ್ತ ಮೇಲೂ ಆನೆ ಆನೆಯೇ ಅಲ್ಲವೇ, ಬಿರುಕಿನ ದಂತ ಹಾಗೇ ಇರುತ್ತದೆ, ಎತ್ತಿ ಪಕ್ಕಕ್ಕಿಟ್ಟರಾಯಿತು. ಇಷ್ಟು ಸಣ್ಣ ವಿಷಯ ತಲೆಗೆ ಇಳಿಯಲು ಅಷ್ಟು ಕಾಲ ಬೇಕಾಯಿತು.

ಶಾಲೆ ಶುರುವಾಗುವ ಮುಂಚಿನ ಕೊನೆಯ ಭಾನುವಾರ ಹೊನ್ನಾಳಿಯಲ್ಲಿ ಸೇರಿದೆವು. ಮೇಷ್ಟ್ರು ಪೆಟ್ಟಿಗೆ ತೆರೆದಾಗ ಮೂವರೂ ಅದರ ಮೇಲೆ ಬಗ್ಗಿದೆವು. ಒಬ್ಬನೂ ಬೂದು ಉಳಿದಿರಲಿಲ್ಲ. ಹೆಚ್ಚಿನವರು ಹಸಿರು, ಒಂದು ತಂಡ ಹಂಚಿನ ಕೆಂಪು, ಎಲ್ಲರ ಹೊದಿಕೆಗೂ ಅವರಿಗೆ ಖಚಿತವಾಗಿ ಕಾಣುವ ನೀಲಿ. ಪೆಟ್ಟಿಗೆಯ ಚಿತ್ರದಂತೆ ಅದು ಇರಲೇ ಇಲ್ಲ. ಅಣ್ಣ ಒಬ್ಬನನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು, "ಮೇಷ್ಟ್ರೇ, ನೀವಾ?" ಎಂದರು. "ನಾನೇ," ಎಂದರು ಮೇಷ್ಟ್ರು. ಬ್ಯಾಂಕಿನ ಹುಡುಗಿ ಫೋಟೋ ತೆಗೆಯಲು ಶುರು ಮಾಡಿದಳು. ಅವರು ಕೈಕಟ್ಟಿ ಗೋಡೆಗೆ ಒರಗಿ ನಿಂತು, ಮೊದಲ ಸಲ ತಮ್ಮ ಸೈನ್ಯವನ್ನು ಬೇರೆಯವರು ನೋಡುವುದನ್ನು ನೋಡಿದರು.

ಆಟ ಶುರುವಾಯಿತು. ಮೊದಲ ಸುತ್ತಿನಲ್ಲೇ ಆನೆಯನ್ನು ಗುಡ್ಡದ ಮುಂದಕ್ಕೆ ತಂದೆ. ಅಣ್ಣ ಹುಬ್ಬೇರಿಸಿದರು. ಮೇಷ್ಟ್ರು ಟೇಪನ್ನು ಎರಡು ಸಲ ಹಿಡಿದು ಅಳೆದರು. ಎರಡನೆಯ ಸುತ್ತಿನಲ್ಲಿ ಆನೆ ಮೇಜಿನ ನಡುವಿನ ಜಾಗಕ್ಕೆ ನುಗ್ಗಿತು. ಅಲ್ಲಿ ನಿಂತಿದ್ದ ಹಂಚಿನ ಬಣ್ಣದವರಲ್ಲಿ ಇಬ್ಬರು ಬಿದ್ದರು. ಅದನ್ನು ಹಾಗೇ ಬಿಡುವಂತಿರಲಿಲ್ಲ. ಎರಡೂ ಬದಿಯಿಂದ ದೈತ್ಯರು ಅದರ ಸುತ್ತ ಕೂಡಿದರು. ಮೂರನೆಯ ಸುತ್ತಿನಲ್ಲಿ ಆನೆ ಬಿದ್ದಿತು. ಎತ್ತಿ ಔಷಧಿಯ ಡಬ್ಬದ ಮೇಲೆ ಇಟ್ಟೆ.

ಆದರೆ ದೈತ್ಯರೆಲ್ಲ ನಡುವಿನಲ್ಲಿದ್ದರು. ಗುರುತು ಹಾಕಿದ್ದ ಜಾಗಗಳಾದ ಎಡದಂಚಿನ ಪಾಳುಗೋಡೆಯೂ ಬಲದ ಕಾಡೂ ಬರಿದಾಗಿದ್ದವು. ನನ್ನ ಈಟಿಯವರು ಎರಡೂ ಕಡೆ ನಡೆದರು. ನನ್ನ ಬದಿಯ ಜಾಗವೊಂದು ಮೊದಲಿಂದಲೂ ನನ್ನದೇ. ಹೊಡೆಯಲು ಹೋಗಬೇಡ, ಜಾಗ ಬಿಡಬೇಡ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಮೇಷ್ಟ್ರಿಗೆ ತಿಳಿದುಹೋಯಿತು. ಪಾಳುಗೋಡೆಯತ್ತ ಹತ್ತಿರವಿದ್ದವರನ್ನೆಲ್ಲ ಓಡಿಸಿದರು. ಕೊನೆಯ ಸುತ್ತಿನಲ್ಲಿ ಅವರ ಮುಷ್ಟಿಯ ತುಂಬ ದಾಳ. ಬ್ಯಾಂಕಿನ ಹುಡುಗಿ ಮೇಜಿನ ಅಂಚಿಗೆ ಬಗ್ಗಿದ್ದಳು. ದಾಳ ಉರುಳಿದವು. ನಾನು ಒಬ್ಬೊಬ್ಬರನ್ನೇ ಎತ್ತಿದೆ. ಗೋಡೆಯ ಹಿಂದೆ ಇಬ್ಬರು ಉಳಿದರು. ಅವರಲ್ಲೊಬ್ಬ ಆ ಮುಂದಿನ ಹಲ್ಲು ಮುರಿದವನು.

ಮೇಷ್ಟ್ರು ಐದೂ ಜಾಗವನ್ನು ಮೊದಲಿಂದ ನೋಡಿದರು. ಟೇಪು ಇಟ್ಟು ಮತ್ತೊಮ್ಮೆ ಅಳೆದರು.

"ಮೂರು ನಿಮ್ಮವು. ಗೆದ್ರಿ ಮೇಡಂ."

ಅಲ್ಲೇ ಇದ್ದ ಗ್ಲೂಕೋಸ್ ಡಬ್ಬದ ಮೇಲೆ ಕೂತೆ. ಅಣ್ಣ ಕೆಳಗೆ ಹೋಗಿ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದರು. ತಿನ್ನುತ್ತಾ ಅವರೇ ಹೇಳಿದರು, "ತಂಗಿ, ಬೀರುವಿನ ಮಾತು ನಾನು ವಾಪಸ್ ತಗಂಡೆ." ಮೇಷ್ಟ್ರು ಮಾತ್ರ ಮಿರ್ಚಿ ಮುಗಿಸಿ ಕೈ ತೊಳೆದು ಬಂದವರೇ ದೈತ್ಯರನ್ನು ಸಾಲಿಗೆ ನಿಲ್ಲಿಸತೊಡಗಿದರು. "ಇನ್ನೊಂದಾಟಕ್ಕೆ ಹೊತ್ತು ಐತೆ. ಆನೆ ಆಟ ಈಗ ಗೊತ್ತಾತು ನನಗೆ," ಎಂದರು. ಆ ಎರಡನೆಯ ಆಟವನ್ನು ನಾನು ಚೆನ್ನಾಗಿಯೇ ಸೋತೆ. ಅವರು ಆನೆಯ ಕಡೆ ತಿರುಗಿಯೂ ನೋಡಲಿಲ್ಲ.

ಈಗಲೂ ನಾನು ಗೆಲ್ಲುವುದಕ್ಕಿಂತ ಸೋಲುವುದೇ ಹೆಚ್ಚು. ಆದರೆ ಈಗ ನನ್ನ ಎದುರು ಆಡುವಾಗ ಯಾರೂ ಮಧ್ಯಾಹ್ನಕ್ಕೆ ಮುಗಿಯುತ್ತದೆ ಎಂದುಕೊಂಡು ಬರುವುದಿಲ್ಲ. ಮೇಷ್ಟ್ರ ಕೆಂಪು ತಂಡಕ್ಕೆ ಇನ್ನೂ ಹೊಸಬರು ಸೇರಿದ್ದಾರೆ. ಆ ಬಣ್ಣ ಹೇಗೆ ಬೆರೆಸುವುದೆಂದು ಅವರು ಅಳತೆ ಕಂಡುಕೊಂಡಿದ್ದಾರೆ, ನನಗೇ ಹೇಳಿಕೊಟ್ಟರು. ಹೋದ ತಿಂಗಳು ಅಣ್ಣನ ಮಾಳಿಗೆ ಸೋರುತ್ತಿತ್ತೆಂದು ಬ್ಯಾಂಕಿನ ಹುಡುಗಿ ನ್ಯಾಮತಿಯ ತನ್ನ ಬಾಡಿಗೆ ಮನೆಗೆ ಎಲ್ಲರನ್ನೂ ಕರೆದಳು. ಮಂಚವನ್ನು ಗೋಡೆಗೆ ನಿಲ್ಲಿಸಿ, ಎರಡು ಬೆಂಚಿನ ಮೇಲೆ ಬಾಗಿಲಿನ ಹಲಗೆ ಹಾಕಿ ಮೇಜು ಮಾಡಿದ್ದಳು. ಹಲಗೆಯ ಒಂದು ಮೂಲೆ ಅಲ್ಲಾಡುತ್ತಿತ್ತು. ಅಣ್ಣ ರಟ್ಟು ಮಡಚಿ ಅದರ ಕೆಳಗೆ ತುರುಕಿದರು, ನಾನು ಪಾಳುಗೋಡೆ ಇಟ್ಟೆ, ಮೇಷ್ಟ್ರು ತೋಳು ಮಡಚಿದರು.

"ಟೇಪು ಯಾರ ಹತ್ರ ಐತೆ?" ಎಂದರು.

"ನನ್ನ ಹತ್ರ," ಎಂದು ಚೀಲಕ್ಕೆ ಕೈ ಹಾಕಿದೆ.